ಬಸುರಿಯ ಪಂಪು ನಿಲ್ಲಿಸದೆ ಮಳೆಗಾಲ ದಾಟಿಸಿದ ಬಗೆ

ಬಸಿರಿನ ಟೆಸ್ಟ್ ಪಾಸಿಟಿವ್ ಬಂದ ವಾರವೇ, ಕೂಸಿಗೆ ಕೆಡುಕಾದೀತೆಂದು, ಆಸ್ತಮಾದ ಪಂಪು (ಇನ್‌ಹೇಲರ್) ಕಪಾಟು ಸೇರುತ್ತದೆ. ತೋಟದ ಕೂಲಿಯವರ ಲೈನ್‌ಮನೆಯಾಗಲಿ ಕೊಡವ ಕುಟುಂಬದ ಐನ್‌ಮನೆಯಾಗಲಿ, ಈ ವಿಷಯದಲ್ಲಿ ಕೊಡಗೆಲ್ಲ ಒಂದೇ. ಉಬ್ಬಸ ಏರಿದರೆ ಕೂಸಿಗೂ ಆಮ್ಲಜನಕ ಕಡಿಮೆ. ಪಂಪಿಗಿಂತ ಅದೇ ಅಪಾಯ. ಪಂಪು ಬಿಡಿಸದೆಯೇ ಹೆರಿಗೆ ಮುಟ್ಟಿಸುತ್ತೇವೆ ಅಂದಾಗ ಒಪ್ಪದಿದ್ದ ಸಿಸ್ಟರ್‌ಗಳೇ ಈಗ ತಮ್ಮ ಬಸುರಿಯರನ್ನು ನಮ್ಮಲ್ಲಿಗೆ ಕಳಿಸುತ್ತಾರೆ.

ಮೊದಲು ಸೋತದ್ದು ರೋಟಾಕ್ಯಾಪ್‌ನಲ್ಲಿ, ಅಂದರೆ ಔಷಧದ ಪುಡಿಯನ್ನು ಸೇದುವ ಕ್ಯಾಪ್ಸೂಲ್‌ನಲ್ಲಿ. ಜುಲೈ ತೇವಕ್ಕೆ ಪುಡಿ ಗಂಟು ಕಟ್ಟಿ, ಸೇದಿದ ಮೇಲೂ ಅರ್ಧ ಕ್ಯಾಪ್ಸೂಲ್‌ನಲ್ಲೇ ಉಳಿಯುತ್ತಿತ್ತು. ಡಬ್ಬಿಯನ್ನು ಒಲೆ ಮೇಲಿನ ಅಟ್ಟದಲ್ಲಿಟ್ಟು ನೋಡಿದೆವು, ಇನ್ನೂ ಕೆಟ್ಟಿತು. ಆಮೇಲೆ ಡಾಕ್ಟರನ್ನು ಕೇಳಿ ಬುಡೆಸೊನೈಡ್ ಪಂಪಿಗೆ ಬದಲಿಸಿದ್ದು. ದಿನಾ ಸೇದಿ ಉಬ್ಬಸ ತಡೆಯುವ, ಬಸಿರಿನಲ್ಲಿ ಬಹುಕಾಲ ಬಳಸಿ ನೋಡಿದ ಸ್ಟೀರಾಯ್ಡ್ ಅದು. ಬೇರೆ ಸ್ಟೀರಾಯ್ಡ್ ಪಂಪಿನಲ್ಲಿ ಹಿಡಿತಕ್ಕೆ ಬಂದವರದ್ದನ್ನು ಮುಟ್ಟಲಿಲ್ಲ.

ಖರ್ಚು ನೆನಪಿದ್ದಷ್ಟು: ದಮ್ಮು ಎದ್ದಾಗ ತಕ್ಷಣ ಉಸಿರು ಬಿಡಿಸುವ ಸಾಲ್ಬುಟಮಾಲ್ ಪಂಪು ಸುಮಾರು ₹150, ಬುಡೆಸೊನೈಡ್ ₹300ರ ಮೇಲೆ, ಪಂಪಿಗೂ ಬಾಯಿಗೂ ನಡುವೆ ಹಿಡಿಯುವ ಕೊಳವೆಯಾದ ಸ್ಪೇಸರ್‌ಗೂ ಹೆಚ್ಚುಕಡಿಮೆ ಅಷ್ಟೇ. ಸ್ಪೇಸರ್ ದುಡ್ಡು ಉಳಿಸಲು 500 ಮಿಲಿ ನೀರಿನ ಬಾಟಲಿ ಹಿಡಿದೆವು. ಪಂಪಿನ ಬಾಯಿಯ ಆಕಾರಕ್ಕೆ ಬಗ್ಗಿಸಿದ ಕಂಬಿ ಕಾಯಿಸಿ ಬುಡಕ್ಕೆ ತೂತು, ಸುತ್ತ ಅಂಟು, ವಾಸನೆ ಹೋಗುವವರೆಗೆ ಬಳಸುವಂತಿಲ್ಲ. ಮೂರು ಬಾಟಲಿಗಳಲ್ಲಿ ತೂತು ದೊಡ್ಡದಾಗಿ ಔಷಧ ಸೋರಿತು. ನಾಲ್ಕನೆಯದು ಅಂಗಡಿಯದ್ದಕ್ಕೆ ಸಮ ನಿಂತಿತು. ಎರಡನ್ನೂ ಸೋಪಿನ ನೀರಲ್ಲಿ ಅದ್ದಿ ಹಾಗೇ ಒಣಗಿಸಬೇಕು. ಬಟ್ಟೆಯಲ್ಲಿ ಉಜ್ಜಿದರೆ ಸ್ಥಿರವಿದ್ಯುತ್ ಹುಟ್ಟಿ ಔಷಧ ಗೋಡೆಗೇ ಅಂಟುತ್ತದೆ.

ಕುಲುಕಿ ಒಂದೇ ಪಫ್, ನಾಲ್ಕೈದು ನಿಧಾನ ಉಸಿರು, ಅರ್ಧ ನಿಮಿಷ ಬಿಟ್ಟು ಮತ್ತೆ ಕುಲುಕಿ ಇನ್ನೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಹೆಚ್ಚಿನದು ಬಾಟಲಿಗೇ ಹೋಗುತ್ತದೆ. ಬುಡೆಸೊನೈಡ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗುಳುವುದು. ಬೆಳಿಗ್ಗೆ ಎರಡು, ರಾತ್ರಿ ಎರಡು ಅಂತ ಬರೆದಿದ್ದರೆ 200 ಪಫ್‌ನ ಡಬ್ಬಿ 50 ದಿನ. ಮುಗಿಯುವ ತಾರೀಕನ್ನು ಅದರ ಮೇಲೇ ಬರೆಯುತ್ತೇವೆ. ನೀರಿನಲ್ಲಿ ತೇಲಿಸಿ ನೋಡುವುದನ್ನಾಗಲಿ ಒತ್ತಿ ನೋಡುವುದನ್ನಾಗಲಿ ನಂಬಬೇಡಿ, ಔಷಧ ಮುಗಿದ ಮೇಲೂ ಡಬ್ಬಿ ಬುಸ್ ಅನ್ನುತ್ತದೆ.

“ಮಗು ಹುಟ್ಟಿದ ಮೇಲೆ ತಗೊಳ್ಳಲಿ ಬಿಡಿ ಸಿಸ್ಟರೇ” ಅನ್ನುವ ಅತ್ತೆಯಂದಿರನ್ನು ಒಪ್ಪಿಸುವ ಒಂದು ಉಪಾಯವಿದೆ. ಅದು ಎದುರು ಕೂತು ಹೇಳುವಂಥದ್ದು, ಇಲ್ಲಿ ಬಿಡುತ್ತೇನೆ.

ಸಾಲ್ಬುಟಮಾಲ್ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಕಾದರೆ ಡಾಕ್ಟರಿಗೆ ತೋರಿಸಬೇಕು. ದಮ್ಮು ಎದ್ದರೆ ಒಂದೊಂದಾಗಿ ನಾಲ್ಕು ಪಫ್. 20 ನಿಮಿಷದಲ್ಲಿ ಇಳಿಯದಿದ್ದರೆ ಇನ್ನೂ ನಾಲ್ಕು ಕೊಡುತ್ತಲೇ ಜೀಪು ಹೊರಡಿಸಬೇಕು. ಮಳೆಯಲ್ಲಿ ಭಾಗಮಂಡಲದಿಂದ ಮಡಿಕೇರಿಗೆ ಗಂಟೆ ಬೇಕು. ಮಾತು ನಡುವೆ ತುಂಡಾದರೆ, ತುಟಿ ನೀಲಿಯಾದರೆ, ಕೂಸಿನ ಒದೆತ ಕಡಿಮೆಯಾದರೆ 20 ನಿಮಿಷವನ್ನೂ ಕಾಯಬೇಡಿ. ಆಸ್ಪತ್ರೆಯಲ್ಲಿ ಸ್ಟೀರಾಯ್ಡ್ ಮಾತ್ರೆ ಕೊಟ್ಟರೆ ಬಸಿರೆಂದು ಬೇಡ ಅನ್ನಲೂಬೇಡಿ.

ತಾಯಿ ಕಾರ್ಡಿನ ಮೊದಲ ಪುಟದಲ್ಲೇ ಕೆಂಪು ಇಂಕಿನಲ್ಲಿ ‘ಆಸ್ತಮಾ’. ಬಿಪಿಗೆ ಕೊಡುವ ಲ್ಯಾಬೆಟಲಾಲ್, ಹೆರಿಗೆ ನಂತರದ ರಕ್ತಸ್ರಾವಕ್ಕೆ ಕೊಡುವ ಕಾರ್ಬೊಪ್ರೋಸ್ಟ್, ಎರಡೂ ಶ್ವಾಸನಾಳ ಬಿಗಿಸುತ್ತವೆ. ಇವುಗಳ ಬದಲಿಗೆ ಬೇರೆ ಔಷಧಗಳಿವೆ. ರಾತ್ರಿ ಪಾಳಿಯವರು ಮೊದಲು ತೆರೆಯುವುದು ಆ ಪುಟವನ್ನೇ.