ಬೋಳು ತಳಿಯ ಮೇಲೆ ಬಿಳಿ ಎಳೆ ಬಂದದ್ದು

ಸ್ಟ್ರೆಪ್ಟೊಮೈಸಿಸ್ ಗ್ರೈಸಿಯಸ್ ಬ್ಯಾಕ್ಟೀರಿಯಾವೇ ಆದರೂ ಬೆಳೆಯುವುದು ಬೂಷ್ಟಿನ ಹಾಗೆ. ಮೊದಲು ಅಗಾರ್ ಎಂಬ, ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯ ಒಳಗೆ ಎಳೆ ಎಳೆಯಾಗಿ ಹರಡುತ್ತದೆ. ಆಮೇಲೆ ಬಿಳಿ ಎಳೆಗಳು ಗಾಳಿಗೆ ಏಳುತ್ತವೆ, ತುಂಡಾಗಿ ಬೀಜಕಗಳಾಗುತ್ತವೆ. ಏಳುವುದಕ್ಕೆ ಎ-ಫ್ಯಾಕ್ಟರ್ ಎಂಬ ಸಣ್ಣ ಅಣು ಬೇಕು. ಅದನ್ನು ಬ್ಯಾಕ್ಟೀರಿಯಾವೇ ತಯಾರಿಸಿ ಹೊರಗೆ ಬಿಡುತ್ತದೆ. 1960ರ ದಶಕದಲ್ಲಿ ಸೋವಿಯತ್ ವಿಜ್ಞಾನಿ ಖೋಖ್ಲೊವ್ ಅವರ ತಂಡ ಇದನ್ನು ಕಂಡುಹಿಡಿಯಿತು.

ಇದನ್ನು ಕಣ್ಣಾರೆ ನೋಡಲು ದೊಡ್ಡ ಯಂತ್ರ ಬೇಡ. ಜೀನ್ ಬದಲಾಗಿ ಎ-ಫ್ಯಾಕ್ಟರ್ ತಯಾರಿಸಲಾಗದ ತಳಿ, ಅಂದರೆ ಮ್ಯೂಟೆಂಟ್, ಒಂದಿದ್ದರೆ ಸಾಕು. ಅದರ ಕಾಲೊನಿಗಳಲ್ಲಿ ಬಿಳಿ ಎಳೆ ಏಳುವುದಿಲ್ಲ, ಬೋಳಾಗಿರುತ್ತವೆ. ಅಗಾರ್ ತುಂಬಿದ ಪ್ಲೇಟ್ ಮೇಲೆ ಮಾಮೂಲಿ ತಳಿಯನ್ನು ಒಂದು ಗೆರೆಯಾಗಿ ಎಳೆದು, ಸ್ವಲ್ಪ ಬಿಟ್ಟು ಮ್ಯೂಟೆಂಟ್‌ನ ಗೆರೆ ಎಳೆಯುತ್ತೇನೆ. ಗೆರೆಗಳು ತಾಗಬಾರದು. ಪ್ಲೇಟ್ ಚೆನ್ನಾಗಿ ಒಣಗಿರಬೇಕು, ತಲೆಕೆಳಗಾಗಿಯೇ ಇಡಬೇಕು. ಮುಚ್ಚಳದ ನೀರಿನ ಹನಿ ಬಿದ್ದರೆ ಏನು ಎಲ್ಲಿಂದ ಬಂತೆಂದು ಹೇಳಲಾಗದು. 28 ಡಿಗ್ರಿಯಲ್ಲಿ ಕೆಲವು ದಿನ ಬಿಟ್ಟರೆ ಮ್ಯೂಟೆಂಟ್‌ನ ಹತ್ತಿರದ ಅಂಚು ಬೆಳ್ಳಗಾಗುತ್ತದೆ. ಆಚೆ ಅಂಚು ಬೋಳಾಗಿಯೇ ಉಳಿಯುತ್ತದೆ.

ಇನ್ನೊಂದು ಪ್ಲೇಟ್‌ನಲ್ಲಿ ಎರಡು ಗೆರೆಗಳ ನಡುವಿನ ಅಗಾರನ್ನು ಬ್ಲೇಡಿನಿಂದ ಕತ್ತರಿಸಿ ತೆಗೆಯುತ್ತೇನೆ. ಅಲ್ಲಿ ಬಿಳಿ ಬರುವುದಿಲ್ಲ. ಅಂದರೆ ಏನೋ ಅಗಾರ್ ಮೂಲಕವೇ ಹರಿದು ಬರುತ್ತಿದೆ, ಅಲ್ವಾ? ನನ್ನ ಮಟ್ಟಿಗೆ ಇಡೀ ಪ್ರಯೋಗದ ಜೀವಾಳ ಈ ಕಂದಕವೇ.

ಎ-ಫ್ಯಾಕ್ಟರ್ ಸ್ಟ್ರೆಪ್ಟೊಮೈಸಿನ್ ಎಂಬ ಆಂಟಿಬಯಾಟಿಕ್‌ನ ತಯಾರಿಯನ್ನೂ ಶುರುಮಾಡಿಸುತ್ತದೆ. ಅದನ್ನು ಇದೇ ಪ್ಲೇಟ್‌ನಲ್ಲಿ ಅಳೆಯಬೇಡಿ. ಪಕ್ಕದ ತಳಿಯ ಸ್ಟ್ರೆಪ್ಟೊಮೈಸಿನ್ ಕೂಡ ಹರಡಿರುತ್ತದೆ. ಅದಕ್ಕೇ ನಾನು ಮಾಮೂಲಿ ತಳಿ ಬೆಳೆದ ದ್ರವವನ್ನು ಈಥೈಲ್ ಅಸಿಟೇಟ್ ಎಂಬ ದ್ರಾವಕದ ಜೊತೆ ಅಲ್ಲಾಡಿಸುತ್ತೇನೆ. ಎ-ಫ್ಯಾಕ್ಟರ್ ದ್ರಾವಕಕ್ಕೆ ಬರುತ್ತದೆ, ಸ್ಟ್ರೆಪ್ಟೊಮೈಸಿನ್ ನೀರಲ್ಲೇ ಉಳಿಯುತ್ತದೆ. ದ್ರಾವಕವನ್ನು ಕಾಗದದ ಬಿಲ್ಲೆಗೆ ಹಾಕಿ, ಪೂರ್ತಿ ಆರಿಸಿ, ಮ್ಯೂಟೆಂಟ್ ಹರಡಿದ ಪ್ಲೇಟ್ ಮೇಲೆ ಇಡುತ್ತೇನೆ. ಪಕ್ಕದಲ್ಲಿ ಬರೀ ದ್ರಾವಕದ ಬಿಲ್ಲೆ. ಬಿಳಿ ಉಂಗುರ ಮೂಡಿದ ಮೇಲೆ ಸ್ಟ್ರೆಪ್ಟೊಮೈಸಿನ್ ಇದ್ದಲ್ಲಿ ಬೆಳೆಯದ ಬ್ಯಾಸಿಲಸ್ ಸಬ್ಟಿಲಿಸ್ ಬ್ಯಾಕ್ಟೀರಿಯಾ ಬೆರೆಸಿದ ಮೆದು ಅಗಾರ್ ಸುರಿಯುತ್ತೇನೆ. ಉಂಗುರದ ಸುತ್ತ ಅದು ಬೆಳೆಯದಿದ್ದರೆ ಮ್ಯೂಟೆಂಟೇ ಸ್ಟ್ರೆಪ್ಟೊಮೈಸಿನ್ ತಯಾರಿಸಿದೆ ಎಂದರ್ಥ.

ಒಂದೇ ಅಣು ಎರಡೂ ಕೆಲಸ ಮಾಡುವುದು ಹೇಗೆ? ಜೀವಕೋಶದೊಳಗೆ ಆರ್ಪ್‌ಎ ಎಂಬ ಪ್ರೋಟೀನ್ ಡಿಎನ್ಎ ಮೇಲೆ ಕೂತು ಆಡ್‌ಪಿಎ ಜೀನನ್ನು ತಡೆದಿರುತ್ತದೆ. ಎ-ಫ್ಯಾಕ್ಟರ್ ಅಂಟಿದರೆ ಆರ್ಪ್‌ಎ ಕಳಚಿಕೊಳ್ಳುತ್ತದೆ. ಆಗ ಆ ಜೀನ್‌ನಿಂದ ತಯಾರಾಗುವ ಪ್ರೋಟೀನ್ ಆಡ್‌ಪಿಎ ಬೀಜಕದ ಜೀನ್‌ಗಳನ್ನೂ ಸ್ಟ್ರೆಪ್ಟೊಮೈಸಿನ್ ಜೀನ್‌ಗಳನ್ನೂ ಎಬ್ಬಿಸುತ್ತದೆ. ಇದಕ್ಕೆ ಎ-ಫ್ಯಾಕ್ಟರ್ ನ್ಯಾನೊಮೋಲಾರ್ ಪ್ರಮಾಣದಲ್ಲಿ, ಅಂದರೆ ಅತಿ ಕಡಿಮೆ, ಇದ್ದರೂ ಸಾಕು, ಹಾಗಾಗಿ ಗಾಜಿನ ಸಾಮಾನು ತೊಳೆಯುವುದರಲ್ಲಿ ಉದಾಸೀನ ಬೇಡ.

ಸಾಧ್ಯವಾದರೆ ಎ-ಫ್ಯಾಕ್ಟರ್ ಕೂಡ ಇಲ್ಲದ, ಆರ್ಪ್‌ಎ ಕೂಡ ಇಲ್ಲದ ತಳಿಯನ್ನೂ ಕಂದಕದ ಆಚೆ ಎಳೆದು ನೋಡಿ. ತಡೆಯುವ ಪ್ರೋಟೀನೇ ಇಲ್ಲವಾದ್ದರಿಂದ ಅದು ಪಕ್ಕದವರ ಅಣುವಿಗೆ ಕಾಯದೆ ಬೆಳ್ಳಗಾಗುತ್ತದೆ.