ಒಂದು ಹಾಳೆಗೆ ಒಂದೇ ದೂರು: ನಗರಸಭೆಯಲ್ಲಿ ಕೆಲಸ ಮಾಡಿಸಿಕೊಳ್ಳುವ ಬಗೆ

ಮೊನ್ನೆ ಸೋಮವಾರ ಒಬ್ಬ ಹಿರಿಯರು ನನ್ನ ಅಂಗಡಿಗೆ ಬಂದರು. ಕೈಯಲ್ಲಿ ಎರಡೂ ಮಗ್ಗಲು ಬರೆದು ತುಂಬಿಸಿದ ಒಂದು ಹಾಳೆ. ಝೆರಾಕ್ಸ್ ಮಾಡುತ್ತಾ ಓದಿದೆ. ಬೀದಿ ದೀಪ ಹತ್ತುತ್ತಿಲ್ಲ. ಗಟಾರ ತುಂಬಿದೆ. ನಳದ ನೀರು ವಾಸನೆ ಬರುತ್ತಿದೆ. ಕಸದ ಗಾಡಿ ಓಣಿಯೊಳಗೆ ಬರುತ್ತಿಲ್ಲ. ಕೊನೆಗೆ, ಮನೆಯ ಖಾತಾದಲ್ಲಿ (ನಗರಸಭೆಯ ಆಸ್ತಿ ದಾಖಲೆಯಲ್ಲಿ) ತಂದೆಯ ಹೆಸರು ತಪ್ಪಾಗಿದೆ. ಐದೂ ನಿಜವಾದ ತೊಂದರೆಗಳೇ. ಆದರೆ ಐದೂ ಒಂದೇ ಹಾಳೆಯಲ್ಲಿದ್ದವು.

"ಅಜ್ಜಾರ, ಇದನ್ನ ಐದು ಅರ್ಜಿ ಮಾಡೋಣ್ರಿ" ಅಂದೆ. ಸುಮ್ನೆ ಖರ್ಚು ಹೆಚ್ಚಿಸುತ್ತಿದ್ದಾಳೆ ಅಂತ ಅವರಿಗೆ ಅನ್ನಿಸಿತು. ಕೂರಿಸಿ, ಚಹಾ ತರಿಸಿ ಹೇಳಿದೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕೊಪ್ಪಳದಲ್ಲಿ ಝೆರಾಕ್ಸ್ ತೆಗೆದು, ಅರ್ಜಿ ಬರೆದುಕೊಡುವ ಅಂಗಡಿ ಇಟ್ಟು ನನಗೆ 11 ವರ್ಷ ಆಯಿತು. ಜನ ನಾಲ್ಕು ನಾಲ್ಕು ಸಲ ಅಲೆಯುವುದನ್ನು ದಿನಾ ನೋಡುತ್ತೇನೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಅಲೆದಾಟ ತಪ್ಪಿಸಬಹುದು.

ನೀವು ಕೊಟ್ಟ ಅರ್ಜಿ ಮೊದಲು ಟಪಾಲು ವಿಭಾಗಕ್ಕೆ ಹೋಗುತ್ತದೆ. ಅಲ್ಲಿ ಆವಕ ರಿಜಿಸ್ಟರ್‌ನಲ್ಲಿ ಒಂದು ನಂಬರ್ ಬೀಳುತ್ತದೆ. ಆಮೇಲೆ 'ವಿಷಯ' ಅಂತ ಬರೆದ ಸಾಲು ನೋಡಿ ಯಾವ ಶಾಖೆಗೆ ಅಂತ ಗುರುತು ಹಾಕುತ್ತಾರೆ. ಹಾಳೆ ಒಂದು, ನಂಬರ್ ಒಂದು, ಹೋಗುವ ಟೇಬಲ್ ಸಹ ಒಂದೇ. ಅಜ್ಜನ ಹಾಳೆಯಲ್ಲಿ ಮೊದಲು ದೀಪ ಇತ್ತು. ಹಾಗೇ ಕೊಟ್ಟಿದ್ದರೆ ದೀಪ ನೋಡುವವರ ಬಳಿ ಹೋಗಿ ಕೂರುತ್ತಿತ್ತು. ದೀಪ ಹತ್ತಿದ ದಿನ ಕಡತ ಮುಗಿಯುತ್ತಿತ್ತು. ಖಾತಾದ ಹೆಸರಿನ ತಪ್ಪು ಕಂದಾಯ ಶಾಖೆಯ ಕಣ್ಣಿಗೇ ಬೀಳುತ್ತಿರಲಿಲ್ಲ. ಹಾಗಾಗಿ ಒಂದು ಹಾಳೆಗೆ ಒಂದೇ ದೂರು ಬರೆಯಿರಿ.

ಬರೆಯುವ ಮುಂಚೆ ಇನ್ನೊಂದು ನೋಡಿಕೊಳ್ಳಿ. ಈ ಕೆಲಸ ನಗರಸಭೆಯದೇ ಹೌದಾ? ರೈಲ್ವೆ ಗೇಟಿನಾಚೆ ಭಾಗ್ಯನಗರದಿಂದ ಎಷ್ಟೋ ಜನ ಕೊಪ್ಪಳ ನಗರಸಭೆಗೆ ಬಂದು ವಾಪಸ್ ಹೋಗುತ್ತಾರೆ. ಊರು ಕೂಡಿಕೊಂಡಂತೆ ಕಂಡರೂ ಭಾಗ್ಯನಗರಕ್ಕೆ ಅದರದೇ ಪಟ್ಟಣ ಪಂಚಾಯಿತಿ ಇದೆ. ಕಂಬದ ಮೇಲಿನ ದೀಪ ನಗರಸಭೆಯದು, ಆದರೆ ವೈರ್ ಹರಿದರೆ, ಮನೆಯ ಕರೆಂಟ್ ಹೋದರೆ ಕರೆಂಟ್ ಕಂಪನಿ ಜೆಸ್ಕಾಂ. ಅದಕ್ಕೆ 1912ಕ್ಕೆ ಫೋನ್ ಮಾಡಿ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಸಿಗಲು ಬೇಕಾದ 371ಜೆ ಅರ್ಹತಾ ಪತ್ರ ಉಪವಿಭಾಗಾಧಿಕಾರಿ ಕಚೇರಿಯಿಂದ. ಪರೀಕ್ಷೆ ಹತ್ತಿರ ಬಂದಾಗ ಮಕ್ಕಳು ಇದನ್ನು ಕೇಳಿಕೊಂಡು ನಗರಸಭೆಯ ಮೆಟ್ಟಿಲು ಹತ್ತುತ್ತಾರೆ. ಒಂದು ದಿನ ಹಾಳಾಗುತ್ತದೆ ಪಾಪ.

ನಗರಸಭೆಯೊಳಗೆ ಟೇಬಲ್‌ಗಳು ಹೀಗೆ. ಮನೆ ತೆರಿಗೆ, ಖಾತಾ ಎಲ್ಲಾ ಕಂದಾಯ ಶಾಖೆ. ಕಸ, ಗಟಾರ ಸ್ವಚ್ಛತೆ, ಅಂಗಡಿ ಲೈಸೆನ್ಸ್ ಆರೋಗ್ಯ ಶಾಖೆ. ಒಡೆದ ಗಟಾರ, ರಸ್ತೆ, ದೀಪ, ನೀರಿನ ಪೈಪು ಎಂಜಿನಿಯರ್‌ಗಳ ಕಡೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಗಟಾರ ತುಂಬಿದ್ದರೆ ಆರೋಗ್ಯ ಶಾಖೆ, ಗಟಾರ ಒಡೆದಿದ್ದರೆ ಎಂಜಿನಿಯರ್. ಬರೆಯುವಾಗ 'ಗಟಾರದ ಸಮಸ್ಯೆ' ಅಂತ ಬರೆಯಬೇಡಿ. ತುಂಬಿದೆಯೋ ಒಡೆದಿದೆಯೋ ಅದನ್ನೇ ಬರೆಯಿರಿ.

ಅಜ್ಜನ ಮೊದಲ ಅರ್ಜಿಯನ್ನು ನಾನು ಬರೆದುಕೊಟ್ಟದ್ದು ಇಷ್ಟು:

"ಇವರಿಗೆ, ಪೌರಾಯುಕ್ತರು, ನಗರಸಭೆ, ಕೊಪ್ಪಳ. ವಿಷಯ: ಬೀದಿ ದೀಪ ಹತ್ತದಿರುವ ಬಗ್ಗೆ. ಮಾನ್ಯರೇ, ನಮ್ಮ ಓಣಿಯಲ್ಲಿ ಈ ಕೆಳಗಿನ ನಂಬರಿನ ಕಂಬದ ದೀಪ ಇದೇ ತಿಂಗಳ 3ನೇ ತಾರೀಖಿನಿಂದ ಹತ್ತುತ್ತಿಲ್ಲ. ಕಂಬದ ಪಕ್ಕದಲ್ಲಿ ಅಂಗನವಾಡಿ ಇದೆ. ದಯವಿಟ್ಟು ಸರಿಪಡಿಸಿಕೊಡಿ."

ಕೆಳಗೆ ವಾರ್ಡ್ ನಂಬರ್, ಕಂಬದ ನಂಬರ್, ತಮ್ಮ ಹೆಸರು, ಫೋನ್, ಸಹಿ. ಮುಗಿಯಿತು. "ಸುಮಾರು ದಿನಗಳಿಂದ" ಅಂತ ಅವರು ಬರೆದಿದ್ದರು, ನಾನು ತಾರೀಖು ಹಾಕಿಸಿದೆ. ನಮ್ಮೂರಲ್ಲಿ 31 ವಾರ್ಡ್ ಇವೆ, ಬರೀ 'ನಮ್ಮ ಓಣಿ' ಅಂದರೆ ಲೈನ್‌ಮನ್‌ಗೆ ಹೇಗೆ ಗೊತ್ತಾಗಬೇಕು? ಕಂಬಕ್ಕೆ ಬಳಿದಿರುವ ನಂಬರ್ ಒಂದು ಫೋಟೋ ತೆಗೆದುಕೊಂಡು ಬಂದರೆ ಸಾಕು.

ಎರಡು ಪ್ರತಿ ಒಯ್ಯಿರಿ. ಒಂದು ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು, ಆವಕ ನಂಬರ್ ಹಾಕಿಸಿಕೊಳ್ಳಿ. ಇದನ್ನೇ ಸ್ವೀಕೃತಿ ಅನ್ನುವುದು. ಕೇಳಲು ಸಂಕೋಚ ಬೇಡ, ಅದು ನಿಮ್ಮ ಹಕ್ಕು. ಮುಂದಿನ ಸಲ ಹೋದಾಗ "ನನ್ನ ಕೆಲಸ ಏನಾಯ್ತು" ಅನ್ನಬೇಡಿ, ಆ ನಂಬರ್ ಹೇಳಿ. ಮಾತಿನ ದಾಟಿಯೇ ಬದಲಾಗುತ್ತದೆ.

ಸರ್ಕಾರಿ ಸೇವೆ ಹೊತ್ತಿಗೆ ಸರಿಯಾಗಿ ಸಿಗಲಿ ಅಂತ ಇರುವ ಸಕಾಲ ಪಟ್ಟಿಯಲ್ಲಿನ ಸೇವೆಯಾದರೆ 15 ಅಂಕಿಯ ಜಿಎಸ್‌ಸಿ ನಂಬರ್ (ಸಕಾಲ ಅರ್ಜಿಯ ಗುರುತಿನ ನಂಬರ್) ಇರುವ ಚೀಟಿ ಕೊಡುತ್ತಾರೆ. ಸಕಾಲ ಕಾಯ್ದೆ ಬಂದದ್ದು 2011ರಲ್ಲಿ. ಒಂದೊಂದು ಸೇವೆಗೂ ಇಷ್ಟು ದಿನ ಅಂತ ಅದರಲ್ಲಿ ನಿಗದಿ ಇದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. ದುಡ್ಡು ಸಣ್ಣದು. ಆದರೆ ಆ ಚೀಟಿ ಕೈಯಲ್ಲಿದ್ದವರ ಕಡತ ತಳಕ್ಕೆ ಹೋಗುವುದಿಲ್ಲ. ಎಲ್ಲಿಯೂ ಕೆಲಸ ಆಗದಿದ್ದರೆ ಸರ್ಕಾರದ ದೂರು ಸಹಾಯವಾಣಿ 1902ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ಅಲ್ಲೂ ಒಂದು ನಂಬರ್ ಬರುತ್ತದೆ, ಬರೆದಿಟ್ಟುಕೊಳ್ಳಿ.

ಯಾವಾಗ ಹೋಗಬೇಕು? ಬೆಳಿಗ್ಗೆ ಆರೋಗ್ಯ ನಿರೀಕ್ಷಕರು ಪೌರಕಾರ್ಮಿಕರ ಜೊತೆ ವಾರ್ಡುಗಳಲ್ಲಿ ಇರುತ್ತಾರೆ, ಎಂಜಿನಿಯರ್‌ಗಳು ಕಾಮಗಾರಿ ಜಾಗದಲ್ಲಿ. ಅವರನ್ನು ಕಾಣಬೇಕಾದರೆ ಮಧ್ಯಾಹ್ನ 3ರ ಮೇಲೆ ಹೋಗಿ. ಟಪಾಲಿಗೆ ಬೆಳಿಗ್ಗೆಯೇ ಒಳ್ಳೆಯದು. ಎರಡನೇ, ನಾಲ್ಕನೇ ಶನಿವಾರ ರಜೆ. ಹಳ್ಳಿಯಿಂದ ಬಸ್ಸು ಹತ್ತಿ ಬಂದು ಬೀಗ ನೋಡಿ ಹೋಗುವವರನ್ನು ನಾನು ಪ್ರತಿ ತಿಂಗಳೂ ನೋಡುತ್ತೇನೆ. ಇನ್ನು ಪುಷ್ಯ ಮಾಸದಲ್ಲಿ ಗವಿಸಿದ್ಧೇಶ್ವರ ಜಾತ್ರೆ. ಲಕ್ಷಗಟ್ಟಲೆ ಜನ ಬರುವ ಜಾತ್ರೆ, ನೀರು, ಸ್ವಚ್ಛತೆ ಅಂತ ಸಿಬ್ಬಂದಿ ಅಲ್ಲೇ ಇರುತ್ತಾರೆ. ಅವಸರದ ಕೆಲಸ ಇದ್ದರೆ ಜಾತ್ರೆಗೆ ಮುಂಚೆ ಮುಗಿಸಿಕೊಳ್ಳಿ.

ಮನೆ ತೆರಿಗೆಗೆ ಏಪ್ರಿಲ್ ತಿಂಗಳು ನೆನಪಿಡಿ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ. ಮೇ, ಜೂನ್‌ನಲ್ಲಿ ಇದ್ದಷ್ಟು. ಜುಲೈಯಿಂದ ತಿಂಗಳಿಗೆ ಶೇ 2 ದಂಡ ಬೀಳುತ್ತಾ ಹೋಗುತ್ತದೆ. ರಸೀದಿಗಳನ್ನು ವರ್ಷವಾರು ಜೋಡಿಸಿಡಿ. ಇ-ಖಾತಾ (ಕಂಪ್ಯೂಟರಿನಲ್ಲಿ ದಾಖಲಾಗುವ ಖಾತಾ) ಮಾಡಿಸಲು ಹೋದ ದಿನ ಅವು ಬೇಕಾಗುತ್ತವೆ. ಜೊತೆಗೆ ನೋಂದಾಯಿತ ಪತ್ರ, ಋಣಭಾರ ಪ್ರಮಾಣಪತ್ರ (ಇ.ಸಿ.), ಆಧಾರ್, ಕರೆಂಟ್ ಬಿಲ್, ಮಾಲೀಕರ ಫೋಟೋ, ಮನೆಯ ಫೋಟೋ. ಕೊನೆಗೆ ಕೈಗೆ ಬರುವುದು ನಮೂನೆ-3, ಅದೇ ಇ-ಖಾತಾದ ಪತ್ರ. ಬಂದ ಕೂಡಲೇ ಅಲ್ಲೇ ನಿಂತು ಹೆಸರು, ಅಳತೆ, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಓದಿ. ಮನೆಗೆ ಒಯ್ದು ಓದೋಣ ಅನ್ನಬೇಡಿ.

ನಮ್ಮ ಭಾಗದವರಿಗೆ ಇನ್ನೊಂದು ಮಾತು. 1948ರವರೆಗೆ ನಾವು ನಿಜಾಮರ ಆಡಳಿತದಲ್ಲಿದ್ದವರು. ಹಾಗಾಗಿ ಹಳೇ ಮನೆಗಳ ಕಾಗದ ಉರ್ದುವಿನಲ್ಲಿರುತ್ತವೆ. ಕೋಟೆ ಕಡೆಯ ಒಬ್ಬ ಅಮ್ಮ ಟ್ರಂಕಿನ ತಳದಿಂದ ಅಂಥ ಒಂದು ಪತ್ರ ತಂದಿದ್ದರು. ನಾಲ್ಕು ಮಡಿಕೆ, ಮಡಿಕೆಯ ಗೆರೆಯಲ್ಲೆಲ್ಲಾ ಹರಿದು ಬೆಳಕು ಕಾಣುತ್ತಿತ್ತು. "ಲ್ಯಾಮಿನೇಷನ್ ಮಾಡಿಕೊಡವ್ವಾ" ಅಂದರು. ಒಲ್ಲೆ ಅಂದೆ. ಅಷ್ಟು ಹಳೆಯ ಕಾಗದ ಬಿಸಿ ಮಶೀನಿಗೆ ಕೊಟ್ಟರೆ ಶಾಯಿ ಕೆಡಬಹುದು, ಹಿಂಬದಿಯ ಸೀಲು ನೋಡಲೂ ಕಷ್ಟ. ಗಾಜಿನ ಮೇಲೆ ನಿಧಾನಕ್ಕೆ ಬಿಡಿಸಿ, ಎರಡೂ ಬದಿ ಪ್ರತಿ ತೆಗೆದುಕೊಟ್ಟೆ. ಅನುವಾದ ಮಾಡಿಸಿ, ಅನುವಾದಕರ ಸಹಿ ಹಾಕಿಸಿ, ಅದನ್ನೂ ಜೊತೆಗಿಡಿ ಅಂದೆ. ಮೂಲ ಕಾಗದ ಬೇರೆಯವರ ಕೈಯಲ್ಲಿ ಬಿಟ್ಟು ಬರಬೇಡಿ. ತೋರಿಸಿ, ವಾಪಸ್ ತನ್ನಿ.

ಜನನ, ಮರಣದ ವಿಷಯದಲ್ಲಿ ಜನ ಬಹಳ ತಡ ಮಾಡುತ್ತಾರೆ. 21 ದಿನದೊಳಗೆ ನೋಂದಣಿ ಆಗಬೇಕು, ಅಷ್ಟರೊಳಗೆ ಖರ್ಚಿಲ್ಲ. ಆಮೇಲೆ ದಂಡ, 30 ದಿನ ದಾಟಿದರೆ ಅಧಿಕಾರಿಯ ಅನುಮತಿ, ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಅಧಿಕಾರ ಇರುವವರ ಆದೇಶ. ಹೆರಿಗೆ ಎಲ್ಲಾಯಿತೋ ಅಲ್ಲೇ ನೋಂದಣಿ, ನೀವು ವಾಸ ಇರುವ ಊರಲ್ಲಿ ಅಲ್ಲ. ತವರಿಗೆ ಹೋಗಿ ಹೆತ್ತವರು ಇದನ್ನು ಮರೆಯುತ್ತಾರೆ. ಮಗುವಿಗೆ ಹೆಸರಿಡದೆ ನೋಂದಣಿ ಆಗಿದ್ದರೆ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕ ಇಲ್ಲ.

ನನ್ನ ಮಗಳದೇ ಹೇಳುತ್ತೇನೆ. ಅವಳು ಹುಟ್ಟಿದ ಆಸ್ಪತ್ರೆಯಲ್ಲಿ ಫಾರ್ಮ್ ತುಂಬಿದವರು ನನ್ನ ಹೆಸರನ್ನು ಮನೆಯಲ್ಲಿ ಕರೆಯುವಂತೆ 'ವ್ವ' ಹಚ್ಚಿ ಬರೆದರು. ನನ್ನ ಆಧಾರ್‌ನಲ್ಲಿ 'ಮ್ಮ' ಇದೆ. ಒಂದೇ ಒತ್ತಕ್ಷರದ ವ್ಯತ್ಯಾಸ. ಶಾಲೆಗೆ ಸೇರಿಸುವಾಗ ತಿಳಿಯಿತು. ಅಫಿಡವಿಟ್ ಮಾಡಿಸಿ, ಆಸ್ಪತ್ರೆಯಿಂದ ಪತ್ರ ತಂದು, ತಿದ್ದಿಸುವಷ್ಟರಲ್ಲಿ ಎರಡು ತಿಂಗಳು. ಅದಕ್ಕೇ ಹೆರಿಗೆ ಮನೆಯವರಿಗೆಲ್ಲಾ ಹೇಳುತ್ತೇನೆ: ಡಿಸ್ಚಾರ್ಜ್ ದಿನ ಆಧಾರ್ ಕಾರ್ಡ್ ಎದುರಿಗಿಟ್ಟು ಒಂದೊಂದೇ ಅಕ್ಷರ ಓದಿಸಿ.

ಕಸಕ್ಕೆ ಹಸಿ, ಒಣ ಬೇರೆ ಮಾಡುವುದು ಗೊತ್ತೇ ಇದೆ, ಅಲ್ವಾ. ಪ್ಯಾಡು, ಡೈಪರ್ ಕಾಗದದಲ್ಲಿ ಸುತ್ತಿ ಬೇರೆ ಕೊಡಿ, ಒಡೆದ ಗಾಜು ಸಹ. ಅದನ್ನು ಕೈಯಲ್ಲಿ ಮುಟ್ಟಿ ಬೇರ್ಪಡಿಸುವವರು ನಮ್ಮಂಥ ಹೆಂಗಸರು. ಸೆಪ್ಟೆಂಬರ್ 23 ಪೌರಕಾರ್ಮಿಕರ ದಿನ, ಅಂದು ಗಾಡಿ ಬರದಿದ್ದರೆ ದೂರು ಕೊಡಬೇಡಿ. ಇನ್ನು ಒಳಚರಂಡಿ ಕಟ್ಟಿಕೊಂಡರೆ ಯಂತ್ರಕ್ಕೇ ಅರ್ಜಿ ಹಾಕಿ. ಐನೂರು ರೂಪಾಯಿ ಕೊಟ್ಟು ಯಾರನ್ನಾದರೂ ಗುಂಡಿಗೆ ಇಳಿಸೋಣ ಅನ್ನುವವರು ಈಗಲೂ ಇದ್ದಾರೆ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಅದು ಅಪರಾಧ. ಒಳಗಿನ ಗಾಳಿಗೆ ಮನುಷ್ಯ ನಿಮಿಷದಲ್ಲಿ ಸಾಯುತ್ತಾನೆ. ಎರಡು ದಿನ ವಾಸನೆ ತಡೆದುಕೊಳ್ಳಿ, ಯಾರನ್ನೂ ಇಳಿಸಬೇಡಿ.

ನೀರಿನ ಸುದ್ದಿಯನ್ನು ವಾಟ್ಸಾಪ್‌ನಿಂದ ನಂಬಬೇಡಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ ನಮ್ಮ ಓಣಿಯಲ್ಲಿ ಇನ್ನು ನಳಕ್ಕೆ ನೀರೇ ಇಲ್ಲ ಅಂತ ಸುದ್ದಿ ಹಬ್ಬಿತ್ತು. ಜನ ಕೊಡ, ಬ್ಯಾರೆಲ್ ಎಲ್ಲಾ ತುಂಬಿಸಿಟ್ಟರು. ಪೈಪ್ ದುರಸ್ತಿ, ನೀರಿನ ವ್ಯತ್ಯಯ, ತೆರಿಗೆ ಕೊನೆ ದಿನ ಎಲ್ಲಾ ನಗರಸಭೆಯ ಪ್ರಕಟಣೆಯಾಗಿ ನೋಟಿಸ್ ಬೋರ್ಡಿಗೆ, ಪತ್ರಿಕೆಗೆ ಬರುತ್ತವೆ, ಕಸದ ಗಾಡಿಯ ಮೈಕಿನಲ್ಲೂ ಹೇಳುತ್ತಾರೆ. ನಿಮ್ಮ ಓಣಿಗೆ ನೀರು ಬಿಡುವ ವಾಲ್‌ಮನ್ ಯಾರು ಅಂತ ತಿಳಿದುಕೊಳ್ಳಿ. ಯಾವ ದಿನ, ಎಷ್ಟು ಹೊತ್ತಿಗೆ ಅನ್ನುವುದು ಅವರಷ್ಟು ಯಾರಿಗೂ ಗೊತ್ತಿಲ್ಲ.

ನಳದ ನೀರು ವಾಸನೆ ಬಂದರೆ ಮಾತ್ರ ಒಂದು ದಿನವೂ ಕಾಯಬೇಡಿ. ಗಟಾರದ ಪಕ್ಕ ಹಾದ ಪೈಪು ಎಲ್ಲೋ ಸೀಳಿರುತ್ತದೆ. ನೀರು ಬಿಟ್ಟಾಗ ಮೊದಲ ಐದು ನಿಮಿಷದ ನೀರನ್ನು ಒಳಗಿನದು ಕಾಣುವಂಥ ಬಾಟಲಿಯಲ್ಲಿ ಹಿಡಿಯಿರಿ. ಅಕ್ಕಪಕ್ಕದ ನಾಲ್ಕು ಮನೆಯಲ್ಲೂ ಹೀಗೇ ಇದೆಯಾ ಕೇಳಿ. ಯಾವ ಮನೆಯಿಂದ ವಾಸನೆ ಶುರುವಾಗುತ್ತದೆ ಅನ್ನುವುದನ್ನು ಅರ್ಜಿಯಲ್ಲಿ ಬರೆಯಿರಿ. ಸೀಳು ಎಲ್ಲಿದೆ ಅಂತ ಹುಡುಕುವವರಿಗೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಅಲ್ಲಿವರೆಗೆ ಕಾಯಿಸಿ ಆರಿಸಿ ಕುಡಿಯಿರಿ, ಮಕ್ಕಳಿಗಂತೂ ಕಡ್ಡಾಯ.

ಅಜ್ಜ ಬಾಟಲಿ ತಂದಿದ್ದರು. ನೀರಿನ ಅರ್ಜಿಯನ್ನೇ ಮೊದಲು ಕೊಡಿಸಿದೆ. ಗುರುವಾರ ಬಂದು ಅವರ ಓಣಿಯ ಮೂಲೆಯಲ್ಲಿ ಅಗೆದರು, ಪೈಪಿನ ಜಾಯಿಂಟ್ ಬಿಟ್ಟಿತ್ತಂತೆ. ದೀಪವೂ ಹತ್ತಿದೆ. ಖಾತಾದ್ದು ಇನ್ನೂ ಇದೆ, ಅದಕ್ಕೆ ಅವರ ತಂದೆಯ ಮರಣ ಪ್ರಮಾಣಪತ್ರ ಬೇಕು. ನಾಳೆ ಅದರ ಅರ್ಜಿ ಬರೆಯಲು ಬರುತ್ತಾರೆ.