‘ಪೊಲೀಸ್ ಸ್ಟೋರಿ’ಯನ್ನು ಮತ್ತೆ ನೋಡುವವರಿಗೆ

ಥ್ರಿಲ್ಲರ್ ಮಂಜು ನಿರ್ದೇಶಿಸಿ 1996ರಲ್ಲಿ ತೆರೆಕಂಡ ‘ಪೊಲೀಸ್ ಸ್ಟೋರಿ’ಯನ್ನು ಈಗ ಮತ್ತೆ ನೋಡಬೇಕೆನ್ನುವವರು ಮೊದಲು ಮೊಬೈಲನ್ನು ಬದಿಗಿಟ್ಟು, ಟಿ.ವಿ.ಗೆ ಒಳ್ಳೆಯ ಸ್ಪೀಕರ್ ಜೋಡಿಸಿಕೊಳ್ಳಬೇಕು. ಪರದೆ ಚಿಕ್ಕದಾದರೂ ನಡೆಯುತ್ತದೆ, ಧ್ವನಿ ಸಪ್ಪೆಯಾದರೆ ಈ ಚಿತ್ರವೇ ಉಳಿಯುವುದಿಲ್ಲ. ಅಗ್ನಿ ಎಂಬ ಪೊಲೀಸ್ ಅಧಿಕಾರಿಯಾಗಿ ಖಾಕಿ ತೊಡುವ ಮೊದಲು ಸಾಯಿಕುಮಾರ್ ತೆಲುಗಿನಲ್ಲಿ ರಾಜಶೇಖರ್, ಸುಮನ್ ಮೊದಲಾದ ನಾಯಕರಿಗೆ ವರ್ಷಗಟ್ಟಲೆ ಕಂಠದಾನ ಮಾಡಿದ್ದರು. ಅವರ ತಂದೆ ಪಿ.ಜೆ. ಶರ್ಮ ಅವರೂ ಡಬ್ಬಿಂಗ್ ಕಲಾವಿದರೇ. ತನ್ನ ಮುಖ ಕಾಣಿಸದೆ ಬರೀ ದನಿಯಿಂದ ಸಿಟ್ಟನ್ನೂ ಸಂಕಟವನ್ನೂ ಮುಟ್ಟಿಸಿ ಅಭ್ಯಾಸವಾದ ನಟನೊಬ್ಬ ಕ್ಯಾಮೆರಾದ ಮುಂದೆ ಬಂದಾಗ ಆ ದನಿಗೆ ಕಣ್ಣು, ಕತ್ತಿನ ನರ, ಎತ್ತಿದ ತೋರುಬೆರಳು ಎಲ್ಲವೂ ಸೇರಿಕೊಂಡವು. ನಾವು ಅತಿರೇಕವೆಂದು ನಗುವ ಅಬ್ಬರದ ಮೂಲ ಅಲ್ಲಿದೆ.

ಹಾಗಾಗಿ ಅಗ್ನಿ ಎದುರಾಳಿಯೊಂದಿಗೆ ಮಾತಿಗಿಳಿಯುವ ಮೊದಲ ದೀರ್ಘ ದೃಶ್ಯವನ್ನು ಒಮ್ಮೆ ಕಣ್ಣು ಮುಚ್ಚಿ ಕೇಳಿ, ಅನಂತರ ಹಿಂದಕ್ಕೆ ಹೋಗಿ ನೋಡಿ. ಉಸಿರನ್ನು ಎಲ್ಲಿ ಎಳೆದುಕೊಳ್ಳುತ್ತಾರೆ, ಯಾವ ಪದದ ಮೇಲೆ ಭಾರ ಹಾಕುತ್ತಾರೆ ಎಂಬುದು ಆಗ ಬಿಡಿಬಿಡಿಯಾಗಿ ತಿಳಿಯುತ್ತದೆ. ಸಂಭಾಷಣೆಯ ನಡುವಿನ ಮೌನಗಳನ್ನು ಮಾತ್ರ ಓಡಿಸಬೇಡಿ. ಮನೆಯ ಸೋಫಾದಲ್ಲಿ ಕುಳಿತವರಿಗೆ ಅವು ಎಳೆದಂತೆ ತೋರಬಹುದು. ತುಂಬಿದ ಚಿತ್ರಮಂದಿರದಲ್ಲಿ ಶಿಳ್ಳೆ, ಚಪ್ಪಾಳೆಗಳು ಅವನ್ನು ತುಂಬುತ್ತಿದ್ದವು. ಒಬ್ಬರೇ ನೋಡುವುದಕ್ಕಿಂತ ನಾಲ್ಕೈದು ಮಂದಿ ಗೆಳೆಯರನ್ನು ಕೂಡಿಸಿಕೊಂಡು ನೋಡಬೇಕೆನ್ನುವುದು ಇದೇ ಕಾರಣಕ್ಕೆ. (ಪಕ್ಕದ ಮನೆಯವರಿಗೆ ಮೊದಲೇ ಹೇಳಿಟ್ಟರೆ ಕ್ಷೇಮ.)

ಹೊಡೆದಾಟಗಳಿಗೆ ಹೆಚ್ಚು ವಿವರಣೆ ಬೇಡ: ನಿರ್ದೇಶಕರೇ ಸಾಹಸ ಸಂಯೋಜಕರೂ ಆಗಿರುವುದರಿಂದ ಕಥೆ ಸಾಹಸಕ್ಕೆ ದಾರಿ ಬಿಡುತ್ತದೆ, ಅಷ್ಟೆ. ಆದರೆ ಕಾನೂನಿನ ವಿಳಂಬಕ್ಕೆ ಪೊಲೀಸನ ಏಟನ್ನೇ ಪರಿಹಾರವೆಂದು ತೋರಿಸುವ ಕಡೆಗಳಲ್ಲಿ ಇಂದು ಮನಸ್ಸು ಹಿಂಜರಿದರೆ ಅದನ್ನು ಅದುಮಿಕೊಳ್ಳಬೇಕಿಲ್ಲ. ಅಂದು ಶಿಳ್ಳೆ ಹೊಡೆದದ್ದು ಯಾವುದಕ್ಕೆ ಎಂದು ಗೆಳೆಯರೊಡನೆ ಅಲ್ಲೇ ಚರ್ಚಿಸಬಹುದು.

ಮುಂದೆ ಏನು ನೋಡುವುದೆಂದರೆ, 2007ರ ಎರಡನೆಯ ಭಾಗವನ್ನು ಸದ್ಯಕ್ಕೆ ಬಿಟ್ಟು, ಒಂದೆರಡು ದಿನ ಕಳೆದು 2015ರ ‘ರಂಗಿತರಂಗ’ವನ್ನು ಹಾಕಿಕೊಳ್ಳಿ. ಅಗ್ನಿಯ ಗರ್ಜನೆ ಇನ್ನೂ ಕಿವಿಯಲ್ಲಿರುವಾಗಲೇ ಅದೇ ಕಂಠ ಅಲ್ಲಿ ತಗ್ಗಿದ ದನಿಯಲ್ಲಿ ಮಾತನಾಡುವುದನ್ನು ಕೇಳಬಹುದು.